ದೊಡ್ಡ ಎಬಿಸಿಡಿ, ಸಣ್ಣ ಎಬಿಸಿಡಿ

ಬೈಕುಲ್ಲಾ ಸ್ಟೇಷನ್ನಿನ ಹೆಸರನ್ನು ಮೂರು ಭಾಷೆಗಳು ಮೂರು ಬಗೆಯಲ್ಲಿ ಬರೆಯುತ್ತವೆ. ಮರಾಠಿಯಲ್ಲಿ ಭಾಯಖಳಾ, ಹಿಂದಿಯಲ್ಲಿ ಭಾಯಖಲಾ. ಇಂಗ್ಲಿಷಿನದು ಬೇರೆಯೇ ಉಚ್ಚಾರ, ಮುಂಬಯಿಯ ಕನ್ನಡಿಗರಾದ ನಾವು ಅದರ ಜಾಡು ಹಿಡಿದು ಬೈಕುಲ್ಲಾ ಅನ್ನುತ್ತೇವೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲು ಹಾದುಹೋದ ದಾರಿ ಇದು. ಅಂದಿನಿಂದ ಯಾರು ಯಾವ ಹೆಸರು ಹೇಳಿ ಟಿಕೆಟು ಕೇಳಿದರೂ ಬಂದಿಳಿಯುವುದು ಇಲ್ಲಿಗೇ. ಳಕಾರ ಹೋಗಿ ಲಕಾರ ಬಂತೆಂದು ಯಾರೂ ದಾರಿ ತಪ್ಪಿಲ್ಲ.

ಆ ಸ್ಟೇಷನ್ನಿನ ಕೂಗಳತೆಯ ಮನೆಯಲ್ಲಿ ಕೂತು ನಾನು ಒಂದು ರಾತ್ರಿಯಿಡೀ ಒಂದು ಹೆಸರನ್ನು ಹುಡುಕಿದ್ದೇನೆ. ಒಂದು ವೆಬ್‌ಸೈಟನ್ನು ಅಂದು ಸಂಜೆ ಹೊಸ ಸರ್ವರಿಗೆ ಸಾಗಿಸಿದ್ದೆವು. ಬರೆದವರ ಲ್ಯಾಪ್‌ಟಾಪಿನಲ್ಲಿ, ವಿಂಡೋಸಿನಲ್ಲಿ, ತಿಂಗಳುಗಟ್ಟಲೆ ಚೆನ್ನಾಗಿ ನಡೆದಿದ್ದ ಪ್ರೋಗ್ರಾಮು ಅದು. ಲಿನಕ್ಸ್ ಸರ್ವರಿನಲ್ಲಿ ಡೇಟಾಬೇಸ್ ಅದನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿತು. ಪಾಸ್‌ವರ್ಡ್ ಸರಿಯಲ್ಲ ಎಂಬರ್ಥದ ಒಂದೇ ಸಾಲು ಲಾಗ್ ತುಂಬ. ಪಾಸ್‌ವರ್ಡನ್ನು ಮೂರು ಸಲ ಬದಲಿಸಿದೆವು. ಕಡೆಯ ಲೋಕಲ್ ಹೋಗಿ ಬೆಳಗಿನ ಮೊದಲ ಲೋಕಲ್ ಬರುವ ನಡುವಿನ ಸ್ವಲ್ಪ ಹೊತ್ತಿನ ನಿಶ್ಶಬ್ದದಲ್ಲಿ ಕಣ್ಣಿಗೆ ಬಿತ್ತು. ಪಾಸ್‌ವರ್ಡ್ ಮೊದಲಿಂದಲೂ ಸರಿಯಾಗಿಯೇ ಇತ್ತು. ಅದನ್ನು ಇಟ್ಟ ವೇರಿಯಬಲ್ಲಿನ ಹೆಸರನ್ನು ಪ್ರೋಗ್ರಾಮು ಪೂರ್ತಿ ದೊಡ್ಡಕ್ಷರದಲ್ಲಿ ಕೇಳುತ್ತಿತ್ತು. ಸರ್ವರಿನ ಕಾನ್ಫಿಗ್ ಫೈಲಿನಲ್ಲಿ ಪದದ ಮೊದಲಕ್ಷರ ಮಾತ್ರ ದೊಡ್ಡದು, ಉಳಿದವು ಚಿಕ್ಕವು.

ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದರೆ ಪ್ರೋಗ್ರಾಮು ಹೊರಡುವಾಗ ವ್ಯವಸ್ಥೆ ಅದರ ಕೈಗೆ ಕಟ್ಟಿಕೊಡುವ ಬುತ್ತಿ. ಹೆಸರು ಹೇಳಿ ಕೇಳಿದರೆ ಅದರಲ್ಲಿರುವುದು ಸಿಗುತ್ತದೆ. 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲಿ ಈ ಪದ್ಧತಿ ಬಂತು. ಆ ವಂಶದ ಲಿನಕ್ಸಿಗೆ ದೊಡ್ಡಕ್ಷರದ ಹೆಸರು ಬೇರೆ, ಚಿಕ್ಕಕ್ಷರದ ಹೆಸರು ಬೇರೆ. ವಿಂಡೋಸಿಗೆ ಎರಡೂ ಒಂದೇ. ಸರ್ವರ್ ತಂತ್ರಾಂಶವಾದ ಅಪಾಚೆಯ ಕಾನ್ಫಿಗ್ ಫೈಲಿನ ಒಂದೇ ಸಾಲಿನಲ್ಲಿ ಈ ಎರಡು ಸ್ವಭಾವಗಳೂ ಅಕ್ಕಪಕ್ಕ ಕೂತಿರುತ್ತವೆ. ‘ಸೆಟ್ಎನ್ವ್’ ಎಂಬ ಆಜ್ಞೆಯನ್ನು ಹೇಗೆ ಬರೆದರೂ ಅಪಾಚೆ ಒಪ್ಪಿಕೊಳ್ಳುತ್ತದೆ. ಅದರ ಮುಂದಿನ ಹೆಸರನ್ನು ಮಾತ್ರ ಬರೆದದ್ದು ಬರೆದ ಹಾಗೆಯೇ ಪ್ರೋಗ್ರಾಮಿಗೆ ದಾಟಿಸುತ್ತದೆ. ಮೊದಲ ಪದದ ಸಡಿಲ ನೋಡಿದ ಕಣ್ಣು ಎರಡನೆಯದಕ್ಕೂ ಅದೇ ಸಡಿಲವನ್ನು ನಿರೀಕ್ಷಿಸುತ್ತದೆ.

ಆ ರಾತ್ರಿ ಪ್ರೋಗ್ರಾಮು ಕೇಳಿದ ಹೆಸರನ್ನೂ ಫೈಲಿನಲ್ಲಿದ್ದ ಹೆಸರನ್ನೂ ಇಲ್ಲಿ ಬರೆದು ತೋರಿಸೋಣವೆಂದರೆ ಆಗುವುದಿಲ್ಲ. ಕನ್ನಡದಲ್ಲಿ ಬರೆದ ಕೂಡಲೇ ಎರಡೂ ಒಂದೇ ಆಗಿಬಿಡುತ್ತವೆ. ನಮ್ಮ ಲಿಪಿಯಲ್ಲಿ ಅಕ್ಷರಕ್ಕೆ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲ. ನಮಗೆ ಅಕ್ಷರ ಬೇರೆಯಾದರೆ ದನಿಯೂ ಬೇರೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ನೆನಪಿರುತ್ತದೆ, ಐದನೆಯ ತರಗತಿಗೆ ಬಂದಾಗ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದೊಡ್ಡ ಎಬಿಸಿಡಿ ಒಮ್ಮೆ, ಸಣ್ಣ ಎಬಿಸಿಡಿ ಒಮ್ಮೆ ತಿದ್ದಬೇಕಾಗಿತ್ತು. ಒಂದೇ ದನಿಗೆ ಎರಡು ರೂಪ ಏಕೆ ಎಂದು ಆಗ ಕೇಳಿದವರಿಗೆ ಉತ್ತರ ಸಿಕ್ಕಿರಲಿಕ್ಕಿಲ್ಲ.

ಹಾಗೆಂದು ಕಿವಿಗೆ ಒಂದೇ, ಕಣ್ಣಿಗೆ ಬೇರೆ ಎಂಬುದು ನಮಗೆ ಪೂರ್ತಿ ಅಪರಿಚಿತವಲ್ಲ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ಱ’ ಎಂಬ ಶಕಟರೇಫದ ದನಿ ಕರಗಿ ರಕಾರದಲ್ಲಿ ಸೇರಿತು. ಕೆಲಕಾಲ ಕಣ್ಣಿಗೆ ಮಾತ್ರ ಭೇದ ಉಳಿದು, ಆಮೇಲೆ ಬರವಣಿಗೆಯೂ ಹಿಂದೆಯೇ ಹೋಯಿತು. ಈಗ ಎರಡಕ್ಕೂ ಒಂದೇ ಅಕ್ಷರ. ಓದುವವನು ಹಿಂದುಮುಂದು ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಸರ್ವರಿಗೆ ಹಿಂದುಮುಂದು ಎಂಬುದಿಲ್ಲ. ಅದಕ್ಕೆ ದೊಡ್ಡ ಎ ಎಂದರೆ 65, ಚಿಕ್ಕ ಎ ಎಂದರೆ 97. 1963ರ ಆಸ್ಕಿ ಸಂಕೇತಪಟ್ಟಿಯಲ್ಲಿ ಚಿಕ್ಕಕ್ಷರಗಳೇ ಇರಲಿಲ್ಲ. 1967ರಲ್ಲಿ ಸೇರಿಸಿದಾಗ ಪ್ರತಿ ಜೋಡಿಯ ನಡುವೆಯೂ ಸರಿಯಾಗಿ 32ರ ಅಂತರವಿಟ್ಟರು. ಆ ರಾತ್ರಿ ನಾನು ಹುಡುಕುತ್ತಿದ್ದದ್ದು ಈ 32ನ್ನು.

ಈ ಭೇದವನ್ನು ಕೈಯಾರೆ ಮುಟ್ಟಿ ನೋಡಬಹುದಾಗಿದ್ದ ಒಂದು ಜಾಗ ಬೈಕುಲ್ಲಾದಲ್ಲೇ ಇತ್ತು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲಿ ‘ಎಜುಕೇಶನ್ ಸೊಸೈಟೀಸ್ ಪ್ರೆಸ್, ಬೈಕುಲ್ಲಾ’ ಎಂಬ ಸಾಲಿದೆ. ಜೇಮ್ಸ್ ಬರ್ಜೆಸ್ 1872ರಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ ಅಚ್ಚಾದದ್ದು ಅಲ್ಲಿ. ಜೆ.ಎಫ್. ಫ್ಲೀಟ್ ಹಳಗನ್ನಡ ಶಾಸನಗಳನ್ನು ಓದಿ ಲೋಕಕ್ಕೆ ಕೊಟ್ಟದ್ದು ಆ ಪತ್ರಿಕೆಯ ಪುಟಗಳಲ್ಲಿ. ಇಂಗ್ಲಿಷ್ ಮೊಳೆ ಜೋಡಿಸುವವರ ಮುಂದೆ ಎರಡು ಮರದ ಕೇಸು ಇರುತ್ತಿದ್ದವು. ಮೇಲಿನದರಲ್ಲಿ ದೊಡ್ಡಕ್ಷರದ ಮೊಳೆ, ಕೆಳಗಿನದರಲ್ಲಿ ಚಿಕ್ಕಕ್ಷರದ್ದು. ಅಪ್ಪರ್ ಕೇಸ್, ಲೋಯರ್ ಕೇಸ್ ಎಂಬ ಮಾತು ಹುಟ್ಟಿದ್ದೇ ಹೀಗೆ. ಆ ಕೆಲಸಗಾರರಿಗೆ ಇವು ಒಂದೇ ಅಕ್ಷರದ ಎರಡು ವೇಷಗಳಲ್ಲ, ಎರಡು ಬೇರೆ ಸೀಸದ ತುಂಡುಗಳು. ಯಂತ್ರ ಇಂದಿಗೂ ಅವರ ಹಾಗೆಯೇ ನೋಡುತ್ತದೆ. ಕಿವಿಯಿಂದ ಓದುವವರು ನಾವು.

ಹಾಗಾದರೆ ವಿಂಡೋಸಿನ ಉದಾರತೆಯೇ ಮೇಲಲ್ಲವೇ? ಬಹುಕಾಲ ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಮನಸ್ಸು ಬದಲಾಯಿಸಿದ್ದು 2016ರ ಜುಲೈನಲ್ಲಿ ‘ಎಚ್‌ಟಿಟಿಪಾಕ್ಸಿ’ ಎಂಬ ಹೆಸರಿನಲ್ಲಿ ಹೊರಬಿದ್ದ ದೋಷ. ಬ್ರೌಸರು ಕಳಿಸುವ ಕೋರಿಕೆಯ ಜೊತೆ ಹೆಡರ್ ಎಂಬ ಚಿಕ್ಕ ಚೀಟಿಗಳು ಬರುತ್ತವೆ. ಅವುಗಳ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ನಡೆಯುತ್ತದೆ. ಹೊರಗಿನ ಲೋಕ ಸಡಿಲ. ಸಿಜಿಐ ಎಂಬ ಹಳೆಯ ಕಟ್ಟಳೆಯ ಪ್ರಕಾರ ಸರ್ವರು ಪ್ರತಿ ಚೀಟಿಯ ಹೆಸರನ್ನು ದೊಡ್ಡಕ್ಷರಕ್ಕೆ ತಿರುಗಿಸಿ, ಮುಂದೆ ‘ಎಚ್‌ಟಿಟಿಪಿ’ ಎಂದು ಸೇರಿಸಿ, ನಡುವೆ ಅಡಿಗೆರೆ ಎಳೆದು, ಎನ್ವಿರಾನ್‌ಮೆಂಟ್ ವೇರಿಯಬಲ್ ಮಾಡಿ ಪ್ರೋಗ್ರಾಮಿನ ಬುತ್ತಿಗೆ ಹಾಕುತ್ತದೆ. ಈಗ ಯಾರೋ ಅಪರಿಚಿತನೊಬ್ಬ ‘ಪ್ರಾಕ್ಸಿ’ ಎಂಬ ಹೆಸರಿನ ಚೀಟಿ ಕಳಿಸಿದ ಎನ್ನಿ. ಒಳಗೆ ಅದು ‘ಎಚ್‌ಟಿಟಿಪಿ ಪ್ರಾಕ್ಸಿ’ ಆಗಿ ನಿಲ್ಲುತ್ತದೆ. ಅದೇ ಹೆಸರಿಗೆ ಮನೆಯೊಳಗೆ ಮೊದಲೇ ಬೇರೊಂದು ಕೆಲಸವಿತ್ತು: ಪ್ರೋಗ್ರಾಮು ಹೊರಗೆ ಕಳಿಸುವ ಮಾತುಗಳು ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದು. ಬೀದಿಯಲ್ಲಿ ಹೋಗುವವನು ಚೀಟಿಯಲ್ಲಿ ಬರೆದ ದಾರಿಯೇ ಮನೆಯವರ ದಾರಿಯಾಯಿತು. ಪ್ರೋಗ್ರಾಮು ಹೊರಗೆ ಕಳಿಸುವ ಮಾತು ಅವನ ಕೈ ಹಾದು ಹೋಗತೊಡಗಿತು.

ಇದನ್ನು 2001ರಲ್ಲೇ ಪರ್ಲ್ ಭಾಷೆಯ ಒಂದು ಲೈಬ್ರರಿಯಲ್ಲಿ ಕಂಡು ತಿದ್ದಿದ್ದರು. ಅದೇ ವರ್ಷ ಕರ್ಲ್ ತಂತ್ರಾಂಶದವರು ಬಲು ಸರಳವಾದ ಒಂದು ತೀರ್ಮಾನ ತೆಗೆದುಕೊಂಡರು. ಆ ಹೆಸರನ್ನು ಚಿಕ್ಕಕ್ಷರದಲ್ಲಿ ಬರೆದಿದ್ದರೆ ಮಾತ್ರ ಓದುವುದು. ಹೊರಗಿನಿಂದ ಬಂದದ್ದು ಯಾವಾಗಲೂ ದೊಡ್ಡಕ್ಷರದಲ್ಲೇ ಇರುತ್ತದೆ, ಹಾಗಾಗಿ ಚಿಕ್ಕಕ್ಷರದ್ದು ಮನೆಯವರೇ ಇಟ್ಟದ್ದು. ನಾನು ಒಂದು ರಾತ್ರಿಯಿಡೀ ಶಪಿಸಿದ ಆ 32ರ ಅಂತರವೇ ಅಲ್ಲಿ ಬೇಲಿಯಾಗಿ ನಿಂತಿತ್ತು. ಎರಡೂ ಒಂದೇ ಎನ್ನುವ ವಿಂಡೋಸಿನಲ್ಲಿ ಈ ಬೇಲಿ ನಿಲ್ಲದು. ಅಲ್ಲಿ ಆ ಚೀಟಿಯನ್ನು ಬಾಗಿಲಲ್ಲೇ ತಡೆಯಬೇಕು.

ಎರಡು ಹೆಸರು ಒಂದೇ ಎಂದು ಯಾರು, ಎಲ್ಲಿ ನಿಂತು ಹೇಳಬೇಕು ಎಂಬುದು ನಮ್ಮ ಮನೆಗಳಿಗೂ ಸಂಬಂಧಿಸಿದ ಪ್ರಶ್ನೆ. ತುಳುನಾಡಿನಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದ ಸಂಸಾರಗಳಲ್ಲಿ ‘ಪೂಜಾರಿ’ ಎಂಬ ಒಂದೇ ಹೆಸರು ಅಣ್ಣನ ಕಾಗದದಲ್ಲಿ ಎರಡು ಓ, ಕೊನೆಗೊಂದು ವೈ. ತಮ್ಮನದರಲ್ಲಿ ಒಂದು ಯು, ಕೊನೆಗೊಂದು ಐ. ಊರಿನಲ್ಲಿ ಅದು ಒಂದೇ ಹೆಸರು. ಪಾಸ್‌ಪೋರ್ಟಿಗೋ ಪಿಂಚಣಿಗೋ ಹೋದಾಗ ಇಬ್ಬರೂ ಒಬ್ಬ ತಂದೆಯ ಮಕ್ಕಳೆಂದು ಅಫಿದವಿತ್ತು ಬರೆಸಬೇಕು. ಇದು ಕ್ರೌರ್ಯವೆಂದು ನನಗೆ ಅನ್ನಿಸುವುದುಂಟು. ಆದರೆ ದನಿ ಹೋಲಿದ್ದಕ್ಕೇ ಕಚೇರಿ ಬೇರೆ ಯಾರದೋ ಪಿಂಚಣಿಯನ್ನು ಇನ್ನಾರಿಗೋ ಕೊಟ್ಟರೆ ಅದು ಇನ್ನೂ ಕ್ರೂರ.

ಕನ್ನಡದಲ್ಲೇ ಹೆಸರಿಟ್ಟರೆ ಈ ಕಾಟವಿರದು ಎಂದುಕೊಳ್ಳುವಂತೆಯೂ ಇಲ್ಲ. ‘ಕೊ’ ಎಂಬುದರ ಒಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಯಂತ್ರಕ್ಕೆ ಮಾತ್ರ ಅವು ಬೇರೆ. ಇಲ್ಲಿ ಕಣ್ಣೂ ಸೋಲುತ್ತದೆ.

ಆ ರಾತ್ರಿಯನ್ನು ನೆನೆದಾಗ ಈಗ ನನ್ನನ್ನು ಕಾಡುವುದು ಲಿನಕ್ಸಿನ ಬಿಗಿಯಲ್ಲ, ಪ್ರೋಗ್ರಾಮಿನ ಮೌನ. ನಮ್ಮ ಭಾಷೆಯಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ. ಮಕ್ಕಳೂ ಇವನ್ನು ಅದಲು ಬದಲು ಮಾಡುವುದಿಲ್ಲ. ಪ್ರೋಗ್ರಾಮು ಹೆಸರು ಹೇಳಿ ಕೇಳಿತು, ಸಿಗಲಿಲ್ಲ. ಸಿಗಲಿಲ್ಲವೆಂದು ಅದು ಬಾಯಿ ಬಿಡಲಿಲ್ಲ. ಖಾಲಿ ಕೈಯಲ್ಲೇ ಡೇಟಾಬೇಸಿನ ಮುಂದೆ ಹೋಗಿ ನಿಂತಿತು. ಪಾಸ್‌ವರ್ಡ್ ‘ಇಲ್ಲ’ ಎಂಬ ಸತ್ಯ ಲಾಗಿಗೆ ಬರುವಷ್ಟರಲ್ಲಿ ಪಾಸ್‌ವರ್ಡ್ ಸರಿ ‘ಅಲ್ಲ’ ಎಂಬ ಸುಳ್ಳಾಗಿತ್ತು. ನಾವು ಬೆಳಗಿನ ತನಕ ಆ ಸುಳ್ಳಿನ ಬೆನ್ನು ಹತ್ತಿದ್ದೆವು.

ಸರ್ವರಿಗಾಗಿ ಪ್ರೋಗ್ರಾಮು ಬರೆಯುವ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ಕೇಳಿಕೆ. ಹೊಂದಾಣಿಕೆ ಮಾಡುವುದಿದ್ದರೆ ಬಾಗಿಲಲ್ಲಿ ಒಂದೇ ಕಡೆ ಮಾಡಿ, ಒಳಗೆ ಹೆಸರಿಗೆ ಒಂದೇ ರೂಪವಿರಲಿ. ಪ್ರೋಗ್ರಾಮು ಶುರುವಾದ ಕ್ಷಣವೇ ತನಗೆ ಬೇಕಾದ ಹೆಸರುಗಳೆಲ್ಲ ಬುತ್ತಿಯಲ್ಲಿವೆಯೇ ಎಂದು ನೋಡಿಕೊಳ್ಳಲಿ. ಒಂದು ಸಿಗದಿದ್ದರೂ ಮುಂದೆ ಹೋಗುವುದು ಬೇಡ. ಸಿಗದ ಆ ಹೆಸರನ್ನು, ಅದರ ದೊಡ್ಡಕ್ಷರ ಚಿಕ್ಕಕ್ಷರ ಇದ್ದ ಹಾಗೆಯೇ ಲಾಗಿನಲ್ಲಿ ಬರೆದು, ಪಕ್ಕದಲ್ಲಿ ‘ಇಲ್ಲ’ ಎಂದು ಹೇಳಿ, ಅಲ್ಲಿಯೇ ನಿಲ್ಲಲಿ.