ಅಂತರ್ಜಾಲ ಮತ್ತು ಮಕ್ಕಳು : ಕಾವಲೋ, ವಿವೇಕವೋ?

ಮಕ್ಕಳನ್ನು ಕೆಡುಕಿನಿಂದ ದೂರವಿರಿಸುವುದು ಹಿರಿಯರ ಧರ್ಮವೋ, ಕೆಡುಕನ್ನು ಗುರುತಿಸುವ ವಿವೇಕವನ್ನು ಅವರಲ್ಲಿ ಬೆಳೆಸುವುದು ಧರ್ಮವೋ ಎಂಬ ಪ್ರಶ್ನೆ ಹೊಸದೇನಲ್ಲ. ಆದರೆ ಅಂತರ್ಜಾಲವು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಅದಕ್ಕೆ ಉತ್ತರ ಕಂಡುಕೊಳ್ಳದೆ ಇರಲು ನಮಗೆ ಸಾಧ್ಯವಿಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ, 'ಮೊಬೈಲು ಮುಟ್ಟಬೇಡ' ಎನ್ನುತ್ತಿದ್ದ ಮನೆಗಳೇ ಅದನ್ನು ಮಕ್ಕಳ ಕೈಗೆ ಕೊಡಬೇಕಾಯಿತು. ಆ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರವು ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು; ಜುಲೈ 8ರಂದು ಉಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆ ನೀಡಿತು. ಎಳೆಯರ ಆರೋಗ್ಯ ಒಂದು ಕಡೆ, ವಿದ್ಯೆಯ ಹಕ್ಕು ಇನ್ನೊಂದು ಕಡೆ. ಮುಂದೆ ಶಾಲೆಗಳೇನೋ ತೆರೆದವು. ಮೊಬೈಲು ಮಾತ್ರ ಮಕ್ಕಳ ಕೈಬಿಡಲಿಲ್ಲ.

ನವಿಲುತೀರ್ಥದ ಪರಿಸರದವರಾದ ನಮಗೆ ದೃಷ್ಟಾಂತವು ಕಣ್ಣೆದುರಿಗೇ ಇದೆ. ಕಣಕುಂಬಿಯಲ್ಲಿ ಹುಟ್ಟಿ ಬಂದ ಮಲಪ್ರಭೆಯು ಇಲ್ಲಿ ಅಣೆಕಟ್ಟಿನಲ್ಲಿ ನಿಂತು, ಕಾಲುವೆಗಳಿಂದ ಹೊಲಗಳಿಗೂ ಕೊಳವೆಗಳಿಂದ ಹುಬ್ಬಳ್ಳಿ-ಧಾರವಾಡದ ಮನೆಗಳಿಗೂ ಹೋಗುತ್ತಾಳೆ. 2019ರ ಆಗಸ್ಟಿನಲ್ಲಿ ಅದೇ ಹೊಳೆಯು ಉಕ್ಕಿ ರಾಮದುರ್ಗದ ಕಡೆಯ ಊರುಗಳಿಗೆ ನುಗ್ಗಿದ್ದನ್ನೂ ಕಂಡಿದ್ದೇವೆ. ಹಾಗೆಂದು ಹೊಳೆಯೇ ಬೇಡವೆಂದವರಿಲ್ಲ. ದಂಡೆಯ ಮೇಲಿನವರು ಮಕ್ಕಳಿಗೆ ಮಡು ಎಲ್ಲಿ, ಸುಳಿ ಎಲ್ಲಿ ಎಂದು ತೋರಿಸಿ, ಜೊತೆಗೆ ನಿಂತು ಈಜು ಕಲಿಸುತ್ತಾರೆ. ಶಾಲೆಗಳಲ್ಲಿ ಅಂತರ್ಜಾಲದ ಸುರಕ್ಷತೆಯನ್ನು ಕಲಿಸುವುದೆಂದರೂ ಇದೇ.

ಕಲಿಸಬೇಕಾದದ್ದರಲ್ಲಿ ಮೊದಲನೆಯದು ಪ್ರಮಾಣವಿಚಾರ. ಪ್ರತ್ಯಕ್ಷವು ಪ್ರಮಾಣವಾಗಬೇಕಾದರೆ ಇಂದ್ರಿಯವೂ ವಿಷಯವೂ ದೋಷರಹಿತವಾಗಿರಬೇಕೆಂಬುದನ್ನು ನಮ್ಮ ಮನೆಗಳಲ್ಲಿ ಹೊಸದಾಗಿ ಹೇಳಬೇಕಾದುದಿಲ್ಲ. ಯಂತ್ರವು ಇಂದು ಒಬ್ಬರ ಮುಖವನ್ನೂ ಧ್ವನಿಯನ್ನೂ ಇನ್ನೊಬ್ಬರಿಗೆ ಜೋಡಿಸಬಲ್ಲದು. ಆದುದರಿಂದ 'ಕಣ್ಣಾರೆ ಕಂಡೆ' ಎಂಬ ಮಾತು ಪರದೆಯ ಮೇಲೆ ಕಂಡುದಕ್ಕೆ ಸಲ್ಲದು. 'ನಾನೂ ನಿನ್ನಂತೆ ಎಂಟನೆಯ ತರಗತಿಯವನು' ಎನ್ನುವ ಅಪರಿಚಿತನ ವಯಸ್ಸೆಷ್ಟೆಂಬುದಕ್ಕೆ ಅವನ ಮಾತಲ್ಲದೆ ಬೇರೆ ಆಧಾರವೇನು ಎಂದು ಮಗುವು ಕೇಳಿಕೊಳ್ಳಬೇಕು.

ಎರಡನೆಯದು, ಯಾವುದನ್ನು ಹೊರಗೆಡಹಬಾರದೆಂಬ ತಿಳಿವಳಿಕೆ. ಗುಪ್ತಪದ, ಓಟಿಪಿ, ಮನೆಯ ವಿಳಾಸ, ತನ್ನ ಭಾವಚಿತ್ರ ಇವು ಒಮ್ಮೆ ಕೈಬಿಟ್ಟರೆ ಮರಳಿ ಕೈಗೆ ಬರುವಂಥವಲ್ಲ. ಆದರೆ ಈ ಪಾಠವು ಹಿರಿಯರಿಗೂ ಬೇಕು. ಉಪನಯನದ ಆಮಂತ್ರಣದಲ್ಲಿ ವಟುವಿನ ಹೆಸರು, ತಂದೆತಾಯಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಎಲ್ಲವನ್ನೂ ಅಚ್ಚುಮಾಡಿಸಿ, ಚಿತ್ರಸಹಿತ ನೂರಾರು ಜನರ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸುವವರು, 'ಯಾರಿಗೂ ಏನನ್ನೂ ಹೇಳಬೇಡ' ಎಂದು ಆ ವಟುವಿಗೆ ಬೋಧಿಸಿದರೆ ಆತನು ಯಾವುದನ್ನು ಅನುಸರಿಸಬೇಕು?

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ವಂಚಕನು ಮಗುವಿನ ಒಂದು ಚಿತ್ರವನ್ನೋ ಗುಟ್ಟನ್ನೋ ಹಿಡಿದು 'ನಿಮ್ಮ ಅಪ್ಪನಿಗೆ ತೋರಿಸುತ್ತೇನೆ' ಎಂದು ಹೆದರಿಸುತ್ತಾನೆ. ಇಲ್ಲಿ ಅವನ ಆಯುಧ ಚಿತ್ರವಲ್ಲ, ನಮ್ಮ ಸಿಟ್ಟು. ಮನೆಯಲ್ಲಿ ಬೈಗಳವೂ ಪೆಟ್ಟೂ ಕಾದಿವೆಯೆಂದು ಬಲ್ಲ ಮಗುವು ಮೌನವಾಗಿ ಅವನು ಕೇಳಿದ್ದನ್ನೆಲ್ಲ ಕೊಡುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರವಾಗುತ್ತದೆ. 'ಏನೇ ಆಗಿರಲಿ, ಮೊದಲು ನಮ್ಮ ಬಳಿಗೆ ಬಾ' ಎಂಬ ಅಭಯವನ್ನು ಕೊಟ್ಟ ಮನೆಯಲ್ಲಿ ಆ ಆಯುಧವು ಮೊಂಡಾಗುತ್ತದೆ. ಮಾನಹಾನಿಯು ಹೆದರಿಸಿದವನದು, ಹೆದರಿದ ಮಗುವಿನದಲ್ಲ. ಕಾನೂನೂ ಹೀಗೆಯೇ ಕಾಣುತ್ತದೆ: 2012ರ ಪೋಕ್ಸೋ ಕಾಯಿದೆಯೂ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮೂ ಮಕ್ಕಳನ್ನು ಹೀಗೆ ಶೋಷಿಸುವವರನ್ನು ದಂಡಿಸುತ್ತವೆ.

'ಮಗುವಿನ ಮೊಬೈಲನ್ನು ಗುಟ್ಟಾಗಿ ತಪಾಸಣೆ ಮಾಡಿದರೆ ಸಾಲದೇ?' ಎಂದು ಕೆಲವರು ಕೇಳಬಹುದು. ಎಳೆಯ ಮಕ್ಕಳಿಗೆ ಕಾವಲು ಬೇಕು, ನಿಜ. ಆದರೆ ಅದು ಬಹಿರಂಗವಾಗಿರಲಿ. ಗುಟ್ಟಿನ ಕಾವಲು ಮಗುವಿಗೆ ಇನ್ನೂ ಜಾಣತನದಿಂದ ಬಚ್ಚಿಡುವುದನ್ನು ಕಲಿಸುತ್ತದೆ. ವಯಸ್ಸು ಏರಿದಂತೆ ಕಾವಲು ಇಳಿಯಬೇಕು, ವಿವೇಕವು ಏರಬೇಕು. ಕಾವಲುಗಾರನು ಸದಾ ಜೊತೆಗಿರಲಾರನು, ವಿವೇಕವು ಇರಬಲ್ಲದು.

ಬೆದರಿಕೆ ಬಂದಲ್ಲಿ ಹಣ ಕೊಡಬಾರದು. ಬಂದ ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಅದು ಕೈಯಿಂದ ಕೈಗೆ ದಾಟುವುದರೊಳಗೆ ತಡೆಯುವ ಸಂಭವವಿರುತ್ತದೆ. ಮಕ್ಕಳ ಸಹಾಯಕ್ಕೆ 1098 ಇದೆ. ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ಶಾಲೆಯ ಗೋಡೆಯ ಮೇಲೂ ಬರೆಯಿಸುವುದು ಯೋಗ್ಯ. ಸಂಜೆಯ ಪ್ರವಚನಕ್ಕೆ ಮಕ್ಕಳೊಡನೆ ಬರುವ ತಂದೆತಾಯಿಗಳು ಮನೆಗೆ ಮರಳುವ ದಾರಿಯಲ್ಲಿ ಅವರನ್ನು ಒಂದು ಮಾತು ಕೇಳಲಿ: ಇಂದು ಪರದೆಯ ಮೇಲೆ ಏನು ಕಂಡೆ? ಉತ್ತರವು ಏನೇ ಬರಲಿ, ಸಿಟ್ಟಾಗದೆ ಕೊನೆಯವರೆಗೂ ಕೇಳುವ ಸಹನೆಯು ನಮ್ಮದಾಗಲಿ.