‘ಇನ್ನೂ ಸಮಯ ಬಂದಿಲ್ಲ’ (ಹಗ್ಗಾಯ 1ನೇ ಅಧ್ಯಾಯ)

ದಯವಿಟ್ಟು ಹಗ್ಗಾಯನ ಪುಸ್ತಕ ತೆಗೆಯಿರಿ. ಎರಡೇ ಅಧ್ಯಾಯ ಇರೋ ಚಿಕ್ಕ ಪುಸ್ತಕ, ಚೆಫನ್ಯ ಆದ ಮೇಲೆ ಬರುತ್ತೆ. ಸಿಗದೇ ಇದ್ರೆ ಪಕ್ಕದವರನ್ನು ಕೇಳಿ, ನಾಚಿಕೆ ಬೇಡ. ಬೈಬಲ್ ಕಾಲೇಜಿನಲ್ಲಿ ಮೊದಲನೇ ವರ್ಷ ನನಗೂ ಸಿಗ್ತಿರಲಿಲ್ಲ.

ದೇವಜನರೇ, ಇವತ್ತು ನಾನು ಸೋಮಾರಿಗಳ ಬಗ್ಗೆ ಮಾತಾಡಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನೀರು ಹಿಡಿದು, ಅಡುಗೆ ಮುಗಿಸಿ ಆರಾಧನೆಗೆ ಬಂದಿರುವ ನಮ್ಮ ತಾಯಂದಿರಿಗೆ ಸೋಮಾರಿತನದ ಪ್ರಸಂಗ ಮಾಡಿದರೆ ಅದು ಅನ್ಯಾಯ. ಕೆಲಸ ಮಾಡುವವರೇ ಒಂದು ಕೆಲಸವನ್ನು ಮಾತ್ರ ಮುಂದಕ್ಕೆ ಹಾಕ್ತಾ ಹೋಗ್ತಾರಲ್ಲ, ಅದರ ಬಗ್ಗೆ ಮಾತಾಡ್ತೀನಿ.

ಬಾಬೆಲಿನ ಸೆರೆಯಿಂದ ತಿರುಗಿ ಬಂದ ಯೆಹೂದ್ಯರು ಎರಡನೇ ವರ್ಷದಲ್ಲೇ ಆಲಯಕ್ಕೆ ಅಸ್ತಿವಾರ ಹಾಕಿದರು. ವಿರೋಧ ಬಂತು, ಕೆಲಸ ನಿಂತಿತು. ಸುಮಾರು 16 ವರ್ಷ ಹಾಗೇ ಬಿದ್ದಿತ್ತು. ವಿರೋಧ ಸುಳ್ಳಲ್ಲ, ಎಜ್ರನ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಆದರೆ ಹಗ್ಗಾಯ ಅವರ ಮನೆಗಳನ್ನು ತೋರಿಸ್ತಾನೆ. ಗೋಡೆಗೆ ಹಲಗೆ ಹೊದಿಸಿದ ಮನೆಗಳು! ಅದಕ್ಕೆ ಮರ ಸಿಕ್ಕಿತ್ತು, ಪುರುಸೊತ್ತೂ ಸಿಕ್ಕಿತ್ತು. ಆಲಯದ ಮಾತು ಬಂದಾಗ ಮಾತ್ರ ಸಮಯ ಇನ್ನೂ ಬಂದಿಲ್ಲ ಅಂತಾರೆ. ಆಗ ಕರ್ತನು, ನಿಮ್ಮ ನಡತೆಯನ್ನು ನೀವೇ ಯೋಚಿಸಿ ನೋಡಿ ಅಂತ ಐದನೇ ವಚನದಲ್ಲಿ ಒಂದು ಸಾರಿ, ಏಳನೇ ವಚನದಲ್ಲಿ ಇನ್ನೊಂದು ಸಾರಿ ಹೇಳ್ತಾನೆ.

ಈ ಭಾಗವನ್ನು ಓದಿ ಹೋದ ತಿಂಗಳು ನಾನೊಂದು ನೋಟ್‌ಬುಕ್ ಇಟ್ಟೆ. ಏಳು ದಿನ, ‘ನಾಳೆ ಮಾಡೋಣ’ ಅಂದಾಗೆಲ್ಲ ಎರಡು ವಿಷಯ ಬರೆದೆ. ಯಾವುದನ್ನು ಮುಂದಕ್ಕೆ ಹಾಕಿದೆ? ಆ ಹೊತ್ತಲ್ಲಿ ಏನು ಮಾಡಿದೆ? ಕರೆಂಟ್ ಬಿಲ್ಲು ಒಂದು ದಿನ ಬಂತು, ಗಾಡಿ ಸರ್ವೀಸು ಎರಡು ದಿನ. ಏಳೂ ದಿನ ಬಂದದ್ದು ಒಂದೇ: ಅಣ್ಣನಿಗೆ ಫೋನ್ ಮಾಡುವುದು. ಅದರ ಬದಲು ಮಾಡಿದ್ದು? ಮೈಕಿನ ವೈರ್ ಸರಿ ಮಾಡಿದೆ, ಹಾಡಿನ ಪುಸ್ತಕಗಳಿಗೆ ರಟ್ಟು ಹಾಕಿದೆ, ಉಪವಾಸ ಪ್ರಾರ್ಥನೆಗೆ ಕುರ್ಚಿ ಒರೆಸಿದೆ. ಎಲ್ಲಾ ಸಭೆಯ ಕೆಲಸವೇ! ನೋಡಿದವರು ಪಾಸ್ಟರ್ ಎಷ್ಟು ಕಷ್ಟಪಡ್ತಾರೆ ಅಂದುಕೊಂಡಿರಬೇಕು.

ವಿಷಯ ಹೇಳಿಬಿಡ್ತೀನಿ. ನಾನು ಬೈಬಲ್ ಕಾಲೇಜಿಗೆ ಸೇರಿದಾಗ ಅಣ್ಣ 40,000 ರೂಪಾಯಿ ಕೊಟ್ಟಿದ್ದ. ಒಂದು ವರ್ಷದಲ್ಲಿ ವಾಪಸ್ ಕೊಡ್ತೀನಿ ಅಂದಿದ್ದೆ, ಕೊಡಲಿಲ್ಲ. ಅವನ ಮಗಳ ಹುಟ್ಟುಹಬ್ಬದ ದಿನ ಮೆಲ್ಲಗೆ ಕೇಳಿದ. ನೆಂಟರೆಲ್ಲರ ಎದುರಿಗೆ ನಾನು, ‘ನಿನಗೆ ದುಡ್ಡೇ ದೇವರು’ ಅಂದುಬಿಟ್ಟೆ. ಆರು ವರ್ಷ ಆಯ್ತು.

ಇಷ್ಟು ದಿನ ಕೇಳಿದವರಿಗೆಲ್ಲ ‘ದುಡ್ಡು ಹೊಂದಿಸ್ತಾ ಇದ್ದೀನಿ’ ಅಂತಿದ್ದೆ. ವಿಶ್ವಾಸಿಗಳು ಕೇಳಿದರೆ, ‘ಪ್ರಾರ್ಥನೆಯಲ್ಲಿ ಇಟ್ಟಿದ್ದೀನಿ, ಕರ್ತನ ಸಮಯ ಬರಲಿ.’ ಎಂಥ ಒಳ್ಳೇ ಮಾತು! ಹಗ್ಗಾಯನ ಕಾಲದ ಜನರದ್ದೂ ಇದೇ ಮಾತು. ಹೋದ ವರ್ಷ ಚೀಟಿ ದುಡ್ಡು ಕೈಗೆ ಬಂತು. ಹಾಗೇ ಬ್ಯಾಂಕಲ್ಲಿದೆ. ನೋಟ್‌ಬುಕ್ ನೋಡಿ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ‘ರೀ, ದುಡ್ಡಿಲ್ಲ ಅಂತ ಹೋಗ್ತಿಲ್ವಾ, ಮುಖ ಇಲ್ಲ ಅಂತಲಾ?’

ನನ್ನ ಬಾಯಿ ಕಟ್ಟಿಹೋಯ್ತು.

ಕರ್ತನಿಗಾಗಿ ಕಾಯುವುದು ಬೇರೆ, ಪ್ರಿಯರೇ. ಪವಿತ್ರಾತ್ಮನು ಬರುವ ತನಕ ಯೆರೂಸಲೇಮಿನಲ್ಲೇ ಇರಿ ಅಂತ ಯೇಸು ಹೇಳಿದ, ಶಿಷ್ಯರು ಮೇಲಂತಸ್ತಿನಲ್ಲಿ ಕಾದರು. ಅದು ವಿಧೇಯತೆ. ನನಗೆ ಯಾರು ಕಾಯಲು ಹೇಳಿದರು? ಮತ್ತಾಯ ಐದನೇ ಅಧ್ಯಾಯದಲ್ಲಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಹೇಳಿ ಆಗಿದೆ. ನಾನು ಸಹೋದರನನ್ನು ಬಿಟ್ಟು ಯಜ್ಞವೇದಿಯ ಧೂಳು ಒರೆಸ್ತಾ ಕೂತಿದ್ದೆ.

ನಿಮ್ಮಲ್ಲಿ ಕೆಲವರಿಗೆ ಅದು ಡಾಕ್ಟರ ಹತ್ತಿರ ಹೋಗಬೇಕಾದ ಗಂಟು ಇರಬಹುದು, ದೀಕ್ಷಾಸ್ನಾನ ಇರಬಹುದು, ಮಗನ ಕುಡಿತದ ವಿಷಯ ಬಾಯಿಬಿಟ್ಟು ಮಾತಾಡೋದು ಇರಬಹುದು. ನಾನು ಊಹೆ ಮಾಡಲ್ಲ. ಒಂದು ವಾರ ಬರೆದು ನೋಡಿ. ಯಾವ ಸಾಲು ತಿರುಗಿ ತಿರುಗಿ ಬರುತ್ತೋ ಅಲ್ಲಿ ನಿಲ್ಲಿ. ನೀವು ಹೇಳೋ ಕಾರಣ ಒಂದು, ಒಳಗಿನ ಭಯ ಇನ್ನೊಂದು ಇರುತ್ತೆ. ಬೈದುಕೊಳ್ಳಬೇಡಿ, ಬೈದುಕೊಂಡು ನಾನೇ ಆರು ವರ್ಷ ಕಳೆದೆ.

ಎಂಟನೇ ವಚನ ನೋಡಿ. ಆಲಯ ಇವತ್ತೇ ಮುಗಿಸಿ ಅಂತ ಕರ್ತನು ಹೇಳಲಿಲ್ಲ. ಬೆಟ್ಟ ಹತ್ತಿ ಮರ ತನ್ನಿ ಅಂದ. ಆರನೇ ತಿಂಗಳ ಮೊದಲನೇ ದಿನ ವಾಕ್ಯ ಬಂತು, 24ನೇ ದಿನ ಕೆಲಸ ಶುರುವಾಯ್ತು. ಯಾರ ಅಪ್ಪಣೆ ಮೇಲೆ ಕಟ್ಟುತ್ತಿದ್ದೀರಿ ಅಂತ ಅಧಿಕಾರಿಗಳು ಬಂದು ಕೇಳಿದ್ದು ಆಮೇಲೆ. ಅರಸನಾದ ದಾರ್ಯಾವೆಷನ ಅಪ್ಪಣೆ ಬಂದದ್ದು ಅದಕ್ಕೂ ಆಮೇಲೆ. 16 ವರ್ಷ ನಿಂತಿದ್ದ ಕೆಲಸ ಸುಮಾರು ನಾಲ್ಕು ವರ್ಷದಲ್ಲಿ ಮುಗಿಯಿತು. ಕರ್ತನಿಗೆ ಸ್ತೋತ್ರ!

ಗುರುವಾರ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಮಂಗಳವಾರ ರಜೆ ಇದೆ’ ಅಂದ. ಅಷ್ಟೇ ಅಂದ. ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬಂಗಾರಪೇಟೆಗೆ ಬೆಳಗಿನ ಟ್ರೇನಿಗೆ ಹೋಗ್ತೀನಿ. ‘ಕರ್ತನ ಸಮಯಕ್ಕೆ ಎಲ್ಲಾ ಸರಿಯಾಗಲಿ’ ಅಂತ ನನಗೋಸ್ಕರ ಪ್ರಾರ್ಥಿಸಬೇಡಿ. ನಾನು ಆ ಟ್ರೇನು ಹತ್ತುವ ಹಾಗೆ ಪ್ರಾರ್ಥಿಸಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.