ಹುಲಿಯ ಪಾಲಿನ ಜೇನು

ಪಶ್ಚಿಮದ ಭೋಗವಾದಕ್ಕೆ ನಮ್ಮ ಅಧ್ಯಾತ್ಮವೇ ಮದ್ದು ಎಂಬ ಮಾತನ್ನು ವೇದಿಕೆಗಳ ಮೇಲೆ ಎಷ್ಟೋ ಸಲ ಕೇಳಿದ್ದೇವೆ. ಶ್ರೀಗಂಧದ ಕಾವಲಿನಲ್ಲಿ ನಿಂತು ನೋಡಿದರೆ ಆ ಮಾತನ್ನು ಒಪ್ಪುವುದು ಕಷ್ಟ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ, ಹೇರೋಹಳ್ಳಿಗಳ ಮಗ್ಗುಲಲ್ಲಿರುವ ಈ ಬಡಾವಣೆಯಲ್ಲಿ ಈಗ ನೆಲವೆಂದರೆ ಮೂವತ್ತು-ನಲವತ್ತರ ಸೈಟು. ದೇವರಿಗೇನೂ ಕೊರತೆಯಿಲ್ಲ. ನಗರ ನುಂಗಿದ ಹಳ್ಳಿಗಳಲ್ಲೆಲ್ಲ ಮಾರಮ್ಮನ ಗುಡಿಗೆ ಗ್ರಾನೈಟು ಬಂದಿದೆ, ಮುನೇಶ್ವರನಿಗೆ ಗೋಪುರ ಎದ್ದಿದೆ. ಆ ಮಾರಮ್ಮ ಕಾಯುತ್ತಿದ್ದ ಕೆರೆ, ತೋಪು, ಗೋಮಾಳಗಳು ಮಾತ್ರ ಚದರಡಿ ಲೆಕ್ಕದಲ್ಲಿ ಕರಗಿಹೋದವು. ದೇವರನ್ನು ಉಳಿಸಿಕೊಂಡು ದೇವರ ನೆಲವನ್ನು ಮಾರಿಕೊಂಡವರು ನಾವೇ. ಇದಕ್ಕೆ ಪಾಶ್ಚಾತ್ಯರನ್ನು ದೂರಿ ಪ್ರಯೋಜನವಿಲ್ಲ.

ಗಂಧದ ಕತೆಯೂ ಅದೇ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಮುಂದಿನ ಸರ್ಕಾರಗಳೂ ಆ ಒಡೆತನವನ್ನು ಬಿಟ್ಟುಕೊಡಲಿಲ್ಲ. ರೈತನ ಹಿತ್ತಲಲ್ಲಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದಾಗಿತ್ತು. ಅದನ್ನು ಕಾಯುವ ಹೊಣೆ, ಕಳುವಾದರೆ ಎದುರಿಸಬೇಕಾದ ವಿಚಾರಣೆ ಮಾತ್ರ ರೈತನದಾಗಿತ್ತು. ಹಾಗಾಗಿ ಸಸಿ ಕಂಡ ಕೂಡಲೇ ಕಿತ್ತೆಸೆದವರು ಎಷ್ಟೋ ಮಂದಿ. ಬೆಳೆದವನೇ ಮರದ ಒಡೆಯ ಎಂದು ಕಾನೂನು ತಿದ್ದುಪಡಿಯಾದದ್ದು 2001ರಲ್ಲಿ. ಗಂಧದ ಮರ ಒಂಟಿಯಾಗಿ ಬೆಳೆಯದು. ಪಕ್ಕದ ಮರಗಳ ಬೇರಿಗೆ ತನ್ನ ಬೇರು ಚುಚ್ಚಿ ಜೀವ ಹಿಡಿಯುತ್ತದೆ. ಅಂಥ ಮರವನ್ನು ಸುತ್ತಲಿನ ಕಾಡಿನಿಂದ ಬಿಡಿಸಿ, ಬರೀ ಬೆಲೆಯಾಗಿ ಕಂಡ ದೃಷ್ಟಿ ನಮ್ಮ ನೆಲದಲ್ಲೇ ಬೇರು ಬಿಟ್ಟಿತ್ತು.

ಹಾಗಾದರೆ ಬೇರೆ ದೃಷ್ಟಿಯೇ ಇಲ್ಲವೆ? ಇದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಆದಿವಾಸಿಗಳು ಅದನ್ನು ಬದುಕಿ ತೋರಿಸಿದ್ದಾರೆ. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ. ಏಟ್ರೀ ಸಂಸ್ಥೆಯ ಸಂಶೋಧಕರ ಜತೆ ಕಾಡು ಸುತ್ತಿ ಸೋಲಿಗರು ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ನಕ್ಷೆಗೆ ಇಳಿಸಿದ್ದಾರೆ. ಭಾರ್ಗವಿ ಹೊಳೆಯ ದಡದಲ್ಲಿ ನೂರಾರು ವರ್ಷಗಳಿಂದ ನಿಂತಿರುವ ದೊಡ್ಡಸಂಪಿಗೆ ಮರವೇ ಅವರ ದೊಡ್ಡ ದೇವರು. ಬುಡದಲ್ಲಿ ಕಲ್ಲುಗಳಿವೆ, ಮೇಲೆ ಚಾವಣಿಯಿಲ್ಲ. ಬೆಟ್ಟದ ತುದಿಯ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಆದ್ದರಿಂದ ಅವರಿಗೆ ಭಾವ. ಭಾವನ ಜತೆ ಜಗಳವಾಡಬಹುದು, ತಮಾಷೆ ಮಾಡಬಹುದು, ಅವನ ಮನೆಯನ್ನು ಮಾರಲಾಗದು.

ಜೇನು ಕೀಳುವಾಗ ಸೋಲಿಗರು ಒಂದು ಪಾಲನ್ನು ನೆಲದ ಮೇಲೆ ಬಿಟ್ಟು ಬರುತ್ತಾರೆ. ಕರಡಿ ಮರ ಹತ್ತಿ ತಿನ್ನುತ್ತದೆ, ಹುಲಿಗೆ ಹತ್ತಲಾಗದು, ಅದಕ್ಕೇ ಹುಲಿಗೊಂದು ಪಾಲು ಎನ್ನುತ್ತಾರೆ. ಹುಲಿ ಜೇನು ತಿನ್ನುತ್ತದೋ ಇಲ್ಲವೋ ಎಂದು ಪ್ರಾಣಿಶಾಸ್ತ್ರದ ಪ್ರಶ್ನೆ ಎತ್ತಿದರೆ ವಿಷಯವೇ ತಪ್ಪಿಹೋಗುತ್ತದೆ. ಕಾಡಿನ ಫಲದಲ್ಲಿ ನನ್ನೊಬ್ಬನದಲ್ಲದ ಪಾಲೊಂದಿದೆ ಎಂಬ ಲೆಕ್ಕ ಅಲ್ಲಿ ಪ್ರತಿ ಸಲವೂ ಕೈಯಿಂದಲೇ ಚುಕ್ತಾ ಆಗುತ್ತದೆ.

ಭೌತವಾದಕ್ಕೆ ಎದುರಾಗಿ ಆದಿವಾಸಿ ಅಧ್ಯಾತ್ಮವನ್ನು ಇಡುವವರು ಸಾಮಾನ್ಯವಾಗಿ ಒಂದು ಕಡೆ ಮಣ್ಣು, ಇನ್ನೊಂದು ಕಡೆ ಆತ್ಮ ಎಂದು ಪಾಲು ಮಾಡುತ್ತಾರೆ. ನನಗೆ ಕಾಣುವುದು ಇದರ ತಿರುಗುಮುರುಗು. ನಾವು ಭೌತವಾದ ಎನ್ನುವ ಬದುಕಿಗೆ ಭೌತವಸ್ತುವಿನ ಬಗ್ಗೆ ಗೌರವವೇ ಇಲ್ಲ. ಮರ ಯಾವ ಮಣ್ಣಿನದು, ನೀರು ಯಾವ ಅಬ್ಬಿಯದು ಎಂಬುದು ಅದಕ್ಕೆ ಬೇಡ, ದರ ಗೊತ್ತಾದರೆ ಸಾಕು. ಸೋಲಿಗರ ಧರ್ಮಕ್ಕೆ ಬೇಕಾದದ್ದು ಇದೇ ಮರ, ಇದೇ ಕಲ್ಲು, ಇದೇ ನೀರು. ವಸ್ತುವನ್ನು ಅಷ್ಟು ಹತ್ತಿರದಿಂದ ನೋಡಿದ್ದರಿಂದಲೇ ಅದರಲ್ಲಿ ದೇವರು ಕಂಡಿದ್ದಾನೆ.

ನೋಟದ ಆ ನಿಖರತೆಗೆ ತರಗು ಬೆಂಕಿ ಸಾಕ್ಷಿ. ಬೇಸಿಗೆ ಬಲಿಯುವ ಮುನ್ನ ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಕೊಡುವುದು ಸೋಲಿಗರ ಪದ್ಧತಿಯಾಗಿತ್ತು. ಬೆಂಕಿ ನೆಲಮಟ್ಟದಲ್ಲೇ ಓಡಿ ಆರುತ್ತಿತ್ತು, ಮಳೆ ಬಿದ್ದಾಗ ಎಳೆಹುಲ್ಲು ಏಳುತ್ತಿತ್ತು. ನೆಲ್ಲಿಮರದ ರಸ ಹೀರುವ ಉಪ್ಪಿಲು ಎಂಬ ಬಂದಳಿಕೆಯೂ ಆಗ ಹತೋಟಿಯಲ್ಲಿತ್ತು ಎಂದು ಅವರು ಹೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಬೆನ್ನಿಗೆ 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಪೋಡುಗಳೆಂಬ ಸೋಲಿಗರ ಹಾಡಿಗಳು ಸ್ಥಳಾಂತರಗೊಂಡವು, ಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಆಳೆತ್ತರಕ್ಕೆ ಹಬ್ಬಿತು. ಈಗ ಕಿಡಿ ಬಿದ್ದರೆ ಅದರ ಪೊದೆ ಹಿಡಿದು ಬೆಂಕಿ ಮರದ ತಲೆಗೇರುತ್ತದೆ. ಮೂಢನಂಬಿಕೆಯವರೆಂದು ಹೊರಗಿಟ್ಟವರ ಬಳಿ ಇದ್ದದ್ದು ಕಾಡಿನ ನಿರ್ವಹಣೆಯ ವಿದ್ಯೆ.

ಆಸ್ಟ್ರೇಲಿಯಾದ ಮೂಲನಿವಾಸಿಗಳದೂ ಹೆಚ್ಚುಕಡಿಮೆ ಇದೇ ಅನುಭವ. ಅವರೂ ಋತು ನೋಡಿ ಸಣ್ಣ ಬೆಂಕಿ ಹಾಕುತ್ತಿದ್ದವರು. ವಸಾಹತು ಆಡಳಿತ ಅದನ್ನು ತಡೆಯಿತು. 2019-20ರ ಭಾರಿ ಕಾಳ್ಗಿಚ್ಚಿನ ನಂತರ ಆ ವಿದ್ಯೆಯನ್ನು ಅಲ್ಲಿನವರು ಮತ್ತೆ ಕೇಳಿಸಿಕೊಳ್ಳತೊಡಗಿದರು. ಅನಂಗು ಜನರ ಪವಿತ್ರ ಬಂಡೆ ಉಲುರು 1985ರಲ್ಲಿ ಅವರಿಗೆ ಮರಳಿತು. ಪ್ರವಾಸಿಗರು ಅದನ್ನು ಹತ್ತುವುದು ನಿಂತದ್ದು 2019ರಲ್ಲಿ. ಆದರೆ ಮರುವರ್ಷವೇ ಕಬ್ಬಿಣದ ಅದಿರಿಗಾಗಿ ಅದೇ ದೇಶದ ಜೂಕನ್ ಕಣಿವೆಯ ಗುಹೆಗಳನ್ನು ಸಿಡಿಸಲಾಯಿತು. ನಲವತ್ತಾರು ಸಾವಿರ ವರ್ಷಗಳ ಮಾನವ ವಾಸದ ಕುರುಹು ಅಲ್ಲಿತ್ತು.

ಇದನ್ನೆಲ್ಲ ಹೇಳುವಾಗ ಬಡತನವನ್ನು ಪವಿತ್ರಗೊಳಿಸುವ ಅಪಾಯವಿದೆ, ನಿಜ. ಸೋಲಿಗರಲ್ಲಿ ಕುಡಗೋಲು ರಕ್ತಕಣದ ಕಾಯಿಲೆ ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಅಲ್ಲಿಗೆ ಆಸ್ಪತ್ರೆ, ಶಾಲೆ ಬಂದವು, ಬರಲೇಬೇಕಿತ್ತು. ಸೋಲಿಗರ ಮಕ್ಕಳು ಓದುತ್ತಾರೆ, ಕಾಫಿ ಬೆಳೆಯುವವರೂ ಇದ್ದಾರೆ. ದೊಡ್ಡಸಂಪಿಗೆಗೆ ಕೈಮುಗಿಯುವವರು ಔಷಧಿಯನ್ನೂ ಪುಸ್ತಕವನ್ನೂ ಬೇಡವೆನ್ನಬೇಕೆಂಬ ನಿಯಮ ಅವರದಲ್ಲ, ನಮ್ಮ ಕಲ್ಪನೆಯದು.

ಇನ್ನೊಂದು ಅಪಾಯ ನನಗೆ ಇದಕ್ಕಿಂತ ದೊಡ್ಡದಾಗಿ ತೋರುತ್ತದೆ. ಆದಿವಾಸಿ ಅಧ್ಯಾತ್ಮವನ್ನು ವಾರಾಂತ್ಯದ ರೆಸಾರ್ಟಿನಲ್ಲಿ ಸಿಗುವ ನೆಮ್ಮದಿಯಾಗಿ ನಗರಕ್ಕೆ ತಂದುಕೊಳ್ಳಬಹುದು ಎಂಬ ಆಸೆ ಅದು. ಎಲ್ಲೆಯ ದೇವರು ಜಾಗ ಬಿಟ್ಟು ಬರುವುದಿಲ್ಲ. ಜನರನ್ನು ಎತ್ತಂಗಡಿ ಮಾಡಿದರೆ ಅವರ ಧರ್ಮದ ಅರ್ಧ ಅಲ್ಲೇ ಉಳಿಯುತ್ತದೆ. ಆದ್ದರಿಂದ ಈ ಅಧ್ಯಾತ್ಮದ ಬಗ್ಗೆ ಗೌರವ ಇರುವವರಿಗೆ ಭೂಮಿಯ ಹಕ್ಕಿನ ಪ್ರಶ್ನೆಯನ್ನು ದಾಟಿ ಹೋಗುವ ದಾರಿಯಿಲ್ಲ. ಒಡಿಶಾದ ನಿಯಮಗಿರಿಯಲ್ಲಿ ಡೋಂಗ್ರಿಯಾ ಕೋಂಧರ ಬೆಟ್ಟದ ಗಣಿಗಾರಿಕೆಯನ್ನು ಗ್ರಾಮಸಭೆಗಳೇ ನಿರ್ಧರಿಸಲಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹನ್ನೆರಡು ಸಭೆಗಳೂ ಗಣಿ ಬೇಡವೆಂದವು. ನಂಬಿಕೆಗೆ ಹಕ್ಕಿನ ಬಲ ಸಿಕ್ಕಿದ್ದರಿಂದ ಬೆಟ್ಟ ಉಳಿಯಿತು.

ನಮ್ಮಲ್ಲೂ ಆ ದಾರಿ ತೆರೆದಿದೆ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳು ಸಿಕ್ಕವು. ಹುಲಿ ಕಾಡಿನೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ನಾಗರಹೊಳೆಯ ಕತೆ ಬೇರೆ. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮನ್ನು ಹಿಂದೆ ಒಕ್ಕಲೆಬ್ಬಿಸಿದ್ದ ಕರಡಿಕಲ್ಲಿನ ಹಾಡಿಗೆ, ತಮ್ಮ ಪೂರ್ವಿಕರ ದೇವರುಗಳಿರುವ ಜಾಗಕ್ಕೆ, ಮರಳಿ ಹೋಗಿ ಗುಡಿಸಲು ಹಾಕಿದವು. ಅವರಿಗೆ ಆ ನೆಲದ ಹಕ್ಕು ಸಿಗಬೇಕು. ಆದಿವಾಸಿಗಳ ಅಧ್ಯಾತ್ಮವನ್ನು ಮೆಚ್ಚಿ ಮಾತಾಡುವ ನಗರದ ನಾವೆಲ್ಲ ಮೊದಲು ಅದನ್ನು ಬಾಯಿಬಿಟ್ಟು ಕೇಳೋಣ.